ಕಾಶೀರಾಮನ ಸುಂಕವಿಲ್ಲದ ವೈನು

ಭಾಲ್ಕಿ ಸ್ಟೇಶನ್ನಿನ ಪ್ಲಾಟ್‌ಫಾರಂ ಮೇಲೆ ಹಣ್ಣು ಮಾರುತ್ತಿದ್ದ ಕಾಶೀರಾಮನಿಗೆ ಮೆತ್ತಗಾದ ಹಣ್ಣನ್ನು ಎಸೆಯಲು ಕೈ ಬರುತ್ತಿರಲಿಲ್ಲ. ಅವನ ತಾಪತ್ರಯಕ್ಕೆಲ್ಲ ಮೂಲ ಇದೇ. 1948ರ ಆ ಬೇಸಿಗೆಯಲ್ಲಿ ಹಿಂದೂಸ್ತಾನ ಸರಕಾರ ಹೈದರಾಬಾದ ಸಂಸ್ಥಾನದ ಗಡಿ ಬಿಗಿ ಮಾಡಿತ್ತು. ಗಡಿಯಾಚೆಯ ಸೋಲಾಪುರಕ್ಕೆ ಹೋಗಬೇಕಾದ ಮಾವು ಭಾಲ್ಕಿಯಲ್ಲೇ ಉಳಿಯಿತು. ರೈಲಿನಲ್ಲಿ ಪ್ರಯಾಣಿಕರಿಗಿಂತ ಪೊಲೀಸರೇ ಹೆಚ್ಚಾಗಿದ್ದರು. ಅವರು ಹಣ್ಣು ತಿನ್ನುತ್ತಿದ್ದರೇ ಹೊರತು ಕೊಳ್ಳುತ್ತಿರಲಿಲ್ಲ.

ರೈಲ್ವೆ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದ ಸುಭಾನ ಒಂದು ಉಪಾಯ ಹೇಳಿಕೊಟ್ಟ. ಉಳಿದ ಮಾವು, ನೇರಳೆ, ಕರಬೂಜ, ಕಪ್ಪಾದ ಬಾಳೆಹಣ್ಣು ಎಲ್ಲವನ್ನೂ ಭರಣಿಗೆ ಹಾಕಿ ಕಿವುಚಬೇಕು. ಸಕ್ಕರೆ ಸಿಗದಿದ್ದರೆ ಬೆಲ್ಲ ಕರಗಿಸಿ ಸುರಿಯಬೇಕು. ಬಾಯಿಗೆ ಬಟ್ಟೆ ಕಟ್ಟಿ, ಮುಂಜಾನೆ ಸಂಜೆ ಕೋಲಿನಿಂದ ತಿರುವಬೇಕು. ಸಾಹೇಬರು ಅದಕ್ಕೆ ವೈನು ಅನ್ನುತ್ತಾರಂತೆ. ಹದಿನೈದು ದಿನದಲ್ಲಿ ಭರಣಿ ಒಲೆಯ ಮೇಲಿನ ಬೇಳೆಯ ಹಾಗೆ ಗುಳುಗುಳು ಅನ್ನತೊಡಗಿತು. ಹೆಂಡತಿ ಅಂಜನಾಬಾಯಿ ಮೂಗು ಮುಚ್ಚಿಕೊಂಡಳು. ಪಕ್ಕದ ಮನೆಯ ವೈಜಿನಾಥ ಮೂಗು ಮುಚ್ಚಿಕೊಳ್ಳದೆ ದಿನಾ ಸಂಜೆ ಲೋಟ ಹಿಡಿದು ಬಂದ. ಕೊನೆಗೊಂದು ದಿನ ವಾಸನೆಯ ಬೆನ್ನು ಹತ್ತಿ ಅಬಕಾರಿ ಜವಾನನೂ ಬಂದ.

ಪರವಾನಗಿ ಇಲ್ಲದೆ ಶರಾಬು ಮಾಡಿದ ಗುನ್ಹೆಗೆ ಮೂರು ತಿಂಗಳ ಕೈದು. ಸ್ಟೇಶನ್ ಮಾಸ್ತರ ಗೋರಖನಾಥ ಮಾತ್ರ ಕರುಣೆಯುಳ್ಳ ಮನುಷ್ಯ. "ಮೂರು ತಿಂಗಳು ನಿನ್ನ ಜಾಗಾ ಖಾಲಿ ಇಡ್ತೇನಿ. ಬಿಡುಗಡಿ ಚೀಟಿ ತಂದು ತೋರಸು, ಮತ್ತ ಕೂಡು," ಎಂದಿದ್ದ. ಪ್ಲಾಟ್‌ಫಾರಂ ಮೇಲಿನ ಆ ಆರು ಅಡಿ ಜಾಗ ಬಿಟ್ಟರೆ ಕಾಶೀರಾಮನಿಗೆ ಹೊಟ್ಟೆ ಹೊರೆಯಲು ಬೇರೆ ದಾರಿ ಇರಲಿಲ್ಲ. ಆದ್ದರಿಂದ ಅವನು ತಹಸೀಲ ಕಚೇರಿಯ ಹಿಂದಿನ ಕೈದುಕೋಣೆಯಲ್ಲಿ ಯಾರಿಗೂ ಎದುರಾಡದೆ, ಚೀಟಿಯನ್ನೇ ಧ್ಯಾನಿಸುತ್ತ ದಿನ ನೂಕಿದ.

ಇನ್ನು ಹದಿಮೂರೇ ದಿನ ಬಾಕಿ ಇರುವಾಗ ನಿಜಾಮ ಸರಕಾರ ಶರಣಾಯಿತು. ಮರುದಿನ ಮುಂಜಾನೆ ವೈಜಿನಾಥನ ಮುಂದಾಳುತನದಲ್ಲಿ ಜನ ನುಗ್ಗಿ ಕೈದುಕೋಣೆಯ ಬೀಗ ಒಡೆದರು. ಕಾವಲಿನ ಬದ್ರೋದ್ದೀನ ಜೀವಭಯದಿಂದ ನಸುಕಿನಲ್ಲೇ ಊರು ಬಿಟ್ಟಿದ್ದ. ಹೋಗುವಾಗ ಕೀಲಿಕೈಯನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗಹಾಕಿದ್ದ. ಅದು ಯಾರಿಗೂ ಬೇಕಾಗಿರಲಿಲ್ಲ.

"ಹೊರಗ ಬಾರೋ ಕಾಶೀರಾಮ. ನೀ ಸ್ವತಂತ್ರ ಆಗಿದಿ," ಎಂದ ವೈಜಿನಾಥ.

"ನಂದು ಇನ್ನಾ ಹನ್ನೆರಡು ದಿನ ಅದ. ಬಾಗಲಾ ಮುಚ್ಚರಿ," ಎಂದ ಕಾಶೀರಾಮ.

ಹಲಬರ್ಗಾ ಹಳ್ಳಿಯಿಂದ ಬಂದಿದ್ದ ಮುದುಕನೊಬ್ಬ ಅವನನ್ನು ಹೋರಾಟಗಾರನೆಂದೇ ತಿಳಿದು ಕಣ್ಣು ಒರೆಸಿಕೊಂಡ. "ಎಂಥಾ ಮಂದಿ ಇದಾರ ನೋಡ್ರಿ. ಜೈಲಿನ ನೇಮಾ ಸುದ್ದಾ ಮುರೀಲಾಕ ಒಲ್ಲ ಅಂತಾನ."

ಅವನನ್ನು ಹೊತ್ತು ತಂದು ಬಂಡಿಯ ಮೇಲೆ ನಿಲ್ಲಿಸಿ ಹಾರ ಹಾಕಿದರು. ಭಾಷಣ ಮಾಡು ಎಂದರು. ಕಾಶೀರಾಮ ಕೈ ಮುಗಿದ. "ನಾ ಏನೂ ಮಾಡಿಲ್ಲರಿ. ಹಣ್ಣು ಉಳದಿತ್ತು, ಶರಾಬು ಮಾಡೀನಿ. ಅಷ್ಟೇ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ವೈಜಿನಾಥ ಬಂಡಿ ಏರಿದ.

"ಕೇಳಿದ್ರೇನ್ರಿ? ನಾವೆಲ್ಲಾ ನಿಜಾಮನ ಅಬಕಾರಿ ವಸೂಲಿ ಮುಳಗಸಬೇಕಂತ ಶಿಂದಿ ಗಿಡಾ ಕಡದ್ವಿ. ಕಾಶೀರಾಮ ಕೊಡಲಿ ಮುಟ್ಟಲಿಲ್ಲ. ಸರಕಾರಕ್ಕ ಸುಂಕಾ ಕೊಡದೇ ಮನ್ಯಾಗೇ ಶರಾಬು ಮಾಡಿ ಓಣಿಗೆಲ್ಲಾ ಪುಕ್ಕಟ ಕುಡಸಿದ. ಇದು ಸತ್ಯಾಗ್ರಹ ಅಲ್ಲೇನ್ರಿ?"

ವೈಜಿನಾಥ ಶಿಂದಿ ಇಳಿಸುವ ಈಚಲು ಗಿಡದ ಒಂದು ಗರಿಯನ್ನೂ ಕಡಿದವನಲ್ಲ. ಓಣಿಗೆಲ್ಲ ಎಂದರೆ ಅವನೊಬ್ಬನೇ. ಆದರೂ ಜನ ಜಯಕಾರ ಹಾಕಿದರು. ಕಾಶೀರಾಮನಿಗೆ ಅಳು ಬಂತು. ಅದನ್ನೂ ಅವರು ದೇಶಭಕ್ತಿಯ ಲೆಕ್ಕಕ್ಕೆ ಹಾಕಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಹೇಗೋ ತಪ್ಪಿಸಿಕೊಂಡು ತಹಸೀಲ ಕಚೇರಿಗೆ ಓಡಿದ. ಅಲ್ಲಿ ಉಳಿದಿದ್ದವನು ಗುಮಾಸ್ತ ಲಾಲ ಅಹ್ಮದ ಒಬ್ಬನೇ. ಮುಂಜಾನೆಯಿಂದ ಬಂದವರು ಏನು ಹೇಳಿದರೆ ಅದನ್ನು ಬರೆದುಕೊಡುತ್ತಿದ್ದ. ಅವತ್ತು ಅವನಂಥವರಿಗೆ ಬೇರೆ ದಾರಿ ಇರಲಿಲ್ಲ.

"ಬಿಡುಗಡಿ ಚೀಟಿ ಕೊಡ್ರಿ. ಅಬಕಾರಿ ಕೇಸು, ಶಿಕ್ಷಾ ಪೂರಾ ಅಂತ ಬರೀರಿ," ಎಂದ ಕಾಶೀರಾಮ.

"ಹನ್ನೆರಡು ದಿನ ಬಾಕಿ ಅದ. ಪೂರಾ ಅಂತ ಹ್ಯಾಂಗ ಬರೀಲಿ?"

"ಹಂಗಾದ್ರ ಒಳಗ ಹೋಗಿ ಕೂಡ್ತೇನಿ."

"ಬೀಗ ಇಲ್ಲ, ಕಾವಲಿಲ್ಲ, ರೊಟ್ಟಿ ಕೊಡವರಿಲ್ಲ. ಕೂತದ್ದು ಯಾರು ಬರಕೋಬೇಕು?" ಲಾಲ ಅಹ್ಮದ ದನಿ ತಗ್ಗಿಸಿದ. "ಸಿಯಾಸಿ, ಅಂದ್ರ ರಾಜಕೀಯದ ಕೈದಿಗಳನ್ನ ಈಗಿಂದೀಗ ಬಿಡ್ರಿ ಅಂತ ಹಿಂದೂಸ್ತಾನದ ಲಷ್ಕರದವರು ಹೇಳ್ಯಾರ. ನಿಂದು ರಾಜಕೀಯದ ಕೇಸು ಅಂತ ಬರದ್ರ ಈಗೇ ಚೀಟಿ, ಮ್ಯಾಲ ಶಿಕ್ಕಾ. ಬರೀಲೇನು?"

ಮುಂಜಾನೆಯಿಂದ ಕಾಶೀರಾಮ ನಿಜವನ್ನೇ ಹೇಳಿದ್ದ. ಒಬ್ಬರೂ ನಂಬಿರಲಿಲ್ಲ. ಹೊಟ್ಟೆ ಹಸಿದಿತ್ತು. ಸ್ಟೇಶನ್ನಿನ ಹೊರಗೆ ಬಿಸಿಲಲ್ಲಿ ಸೀತಾಫಲದ ಬುಟ್ಟಿ ಇಟ್ಟುಕೊಂಡು ಅಂಜನಾಬಾಯಿ ಕೂತಿದ್ದಳು. "ಬರೀರಿ," ಎಂದ. ಹಣ್ಣಿನ ವ್ಯಾಪಾರದಲ್ಲಿ ಸುಳ್ಳು ಹೇಳದವನೇನಲ್ಲ, ಆದರೆ ಸರಕಾರಿ ಕಾಗದದ ಮೇಲೆ ಇದು ಮೊದಲನೆಯದು.

ಸ್ಟೇಶನ್ನಿನಲ್ಲಿ ಗೋರಖನಾಥ ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ಕಪಾಟಿನಿಂದ ಒಂದು ಕಡತ ತೆಗೆದ.

"ಹೋದ ವರ್ಷದ ಹುಕುಮು ಅದ. ಸಿಯಾಸಿ ಕೇಸಿನಾಗ ಕೈದಾದವರಿಗೆ ಪ್ಲಾಟಫಾರಂ ಮ್ಯಾಲ ಜಾಗಾ ಕೊಡಬಾರದು."

"ಆ ಸರಕಾರ ನಿನ್ನೆ ಹೋಯ್ತಲ್ರಿ."

"ಸರಕಾರ ಹೋಗ್ಯದ. ಹುಕುಮು ರದ್ದಾದ ಕಾಗದಾ ಬಂದಿಲ್ಲ."

"ನಾ ಸಿಯಾಸಿ ಅಲ್ಲರಿ. ಶರಾಬು ಮಾಡೀನಿ. ನಿಮಗೂ ಗೊತ್ತದ."

"ನನಗ ಗೊತ್ತದ. ಶರಾಬಿನ ಚೀಟಿ ಆಗಿದ್ರ ಇವತ್ತೇ ಕೂಡಸ್ತಿದ್ದೆ," ಎಂದ ಗೋರಖನಾಥ. ಅವನ ಮುಖದಲ್ಲಿ ನಿಜವಾಗಿಯೂ ಸಂಕಟವಿತ್ತು. "ಹನ್ನೆರಡು ದಿನ ಒಳಗೇ ಕೂತಿದ್ರ ಛಲೋ ಇತ್ತು."

"ಕೂಡ್ಲಾಕ ಬಿಡಲಿಲ್ಲರಿ."

"ಕಾಗದಾ ಬರೂತನ ಜಾಗಾ ಹಂಗೇ ಇಡ್ರಿ ಮಾಸ್ತರ," ಎಂದಳು ಬಾಗಿಲಲ್ಲಿ ನಿಂತಿದ್ದ ಅಂಜನಾಬಾಯಿ.

"ಅಂವಗ ಕೊಡ್ಲಾಕ ಬರಲ್ಲ ಅಂದ ಮ್ಯಾಲ ಖಾಲಿ ಇಡ್ಲಾಕೂ ಬರಲ್ಲವಾ. ಇನ್ನೊಂದು ಅರ್ಜಿ ಬಂದದ."

ಗೋರಖನಾಥ ಅರ್ಜಿಯನ್ನು ಮೇಜಿನ ಮೇಲೆ ಇಟ್ಟು ಓದಿ ಹೇಳಿದ. ಹಿಂದಿನ ವಾರದ ತಾರೀಖು. ತಾನು ನಿಜಾಮ ಸರಕಾರದ ನಿಷ್ಠ ಪ್ರಜೆ, ಯಾವ ರಾಜಕೀಯದಲ್ಲೂ ಭಾಗವಹಿಸಿದವನಲ್ಲ, ಜೈಲಿಗೆ ಹೋದ ಕಾಶೀರಾಮನ ಜಾಗವನ್ನು ತನಗೆ ಕೊಡಬೇಕು ಎಂದಿತ್ತು. ಕೆಳಗೆ ವೈಜಿನಾಥನ ರುಜು.

ಅಷ್ಟರಲ್ಲಿ ಮೆರವಣಿಗೆ ಕಾಶೀರಾಮನನ್ನು ಹುಡುಕಿಕೊಂಡು ಸ್ಟೇಶನ್ನಿಗೇ ಬಂತು. ಹೊರಗೆ ಜನ ಅವನ ಹೆಸರು ಹಿಡಿದು ಜಯಕಾರ ಹಾಕುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದುದು ವೈಜಿನಾಥನ ಗಂಟಲು.