ಹತ್ತಕ್ಕೆ ಐದು

ಲ್ಯಾಬ್ ಮೇಷ್ಟ್ರ ಮನೆಯಲ್ಲಿ ಸ್ಕೇಲ್ ಎಂದರೆ ಒಬ್ಬೊಬ್ಬರಿಗೆ ಒಂದೊಂದು. ಆಫೀಸಿಗೆ ಹೋಗುವ ಹೆಂಡತಿಗೆ ಅದು ಆರು ವರ್ಷಗಳಿಂದ ಮೇಲೇಳದೆ ಕುಳಿತ ಸಂಬಳ. ಕೀಬೋರ್ಡ್ ಕಲಿಯುವ ಮಗಳಿಗೆ ಬೆಳಗಾದರೆ ಹತ್ತಿ ಇಳಿಯಬೇಕಾದ ಸ್ವರಗಳು (ಪಕ್ಕದ ಮನೆಯವರಿಗೆ ಅದೇ ಅಲಾರಂ). ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗ ಮಾಡಿಸುವ ಮೇಷ್ಟ್ರಿಗೆ ಮಾತ್ರ ಸ್ಕೇಲ್ ಎಂದರೆ ಮೀಟರಿನ ಗಾಜಿನ ಹಿಂದೆ ಮುಳ್ಳು ಓಡಾಡುವ ಗೀಟುಗಳ ಸಾಲು. ಲೋಕದ ಸಕಲ ಜಗಳಗಳಿಗೂ ಅಲ್ಲೇ ಮದ್ದಿದೆಯೆಂದು ಅವರ ನಂಬಿಕೆ.

ಒಂದು ಭಾನುವಾರ ಆ ನಂಬಿಕೆ ರಾಜಾಜ್ಞೆಯಾಗಿ ಅಡುಗೆಮನೆಯಲ್ಲಿ ಹೊರಬಿತ್ತು.

"ಇನ್ಮೇಲೆ ಈ ಮನೇಲಿ 'ಸ್ವಲ್ಪ', 'ಪರವಾಗಿಲ್ಲ', 'ಏನೋ ಒಂದು' ಎಲ್ಲಾ ಬಂದ್. ಉಪ್ಪಿರಲಿ, ಸಿಟ್ಟಿರಲಿ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು."

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ನಲ್ಲಿ ನಿಲ್ಲಿಸಿದಳು. "ಹೌದಾ? ಮೊದಲು ನನ್ನನ್ನೇ ಅಳೀರಿ. ಇವತ್ತಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ಹೆಂಡತಿ ಅಂತ ನನಗೆ ಹತ್ತಕ್ಕೆ ಎಷ್ಟು?"

ಮೇಷ್ಟ್ರ ಎದೆ ತುಂಬಿ ಬಂತು. "ಐದು," ಎಂದರು.

ಹಜಾರದಲ್ಲಿ ಕೀಬೋರ್ಡು ಥಟ್ಟನೆ ನಿಂತಿತು.

"ಐದಾ? ಇಪ್ಪತ್ತೆರಡು ವರ್ಷ ಬೇಯಿಸಿ ಹಾಕಿದ್ದಕ್ಕೆ ಬರೀ ಪಾಸ್ ಮಾರ್ಕಾ?"

"ಹಾಗಲ್ಲ ಕಣೇ! ಲ್ಯಾಬಲ್ಲಿ ಮುಳ್ಳು ನಟ್ಟನಡುವೆ ನಿಂತ್ರೇನೇ ನಂಬಬಹುದಾದ ಅಳತೆ. ಸೊನ್ನೆ ಹತ್ರ ಇದ್ರೆ ಸರಿಯಾಗಿ ಓದಕ್ಕಾಗಲ್ಲ, ಹತ್ತಕ್ಕೆ ಹೋಗಿ ಬಡಿದ್ರೆ ಮೀಟರೇ ಹಾಳು. ಐದಕ್ಕಿಂತ ದೊಡ್ಡ ಮೆಚ್ಚುಗೆ ನನ್ನ ಹತ್ರ ಇಲ್ವೇ ಇಲ್ಲ!"

ಇದು ಅಪ್ಪಟ ನಿಜ. ಲ್ಯಾಬಿನ ಅಚ್ಚುಮೆಚ್ಚಿನ ವೋಲ್ಟ್‌ಮೀಟರಿಗೂ ಅವರು ನಾಲ್ಕೂವರೆಯೇ ಕೊಡುತ್ತಿದ್ದುದು. (ಅದನ್ನು ಬಾಯಿಬಿಟ್ಟು ಹೇಳದಿದ್ದುದು ಆ ದಿನದ ಏಕೈಕ ವಿವೇಕ.)

"ಅಪ್ಪಾ, ಹತ್ತು ಅಂದ್ಬಿಡು," ಬಾಗಿಲ ಸಂದಿಯಿಂದ ಮಗಳು ಪಿಸುಗುಟ್ಟಿದಳು.

"ಸರಿ, ಹತ್ತು!"

"ಓಹೋ, ಈಗ ನಾನು ಕೆಟ್ಟುಹೋದ ಮೀಟರು!"

"ಹಾಗಾದ್ರೆ... ಏಳೂವರೆ?"

"ಏಳರಾಟದ ಶನೀನಾ ನಾನು?"

ಸೊನ್ನೆಯಿಂದ ಹತ್ತರವರೆಗೆ ಕಾಲಿಡಲು ಜಾಗ ಉಳಿಯಲಿಲ್ಲ. ಮೇಷ್ಟ್ರು ಅಂಗಿಯ ತೋಳು ಮಡಚಿ, ಅವಳ ಕೈಯಿಂದ ಪಾತ್ರೆ ಉಜ್ಜುವ ನಾರು ತೆಗೆದುಕೊಂಡರು. ಪ್ರತಿ ಪಾತ್ರೆಗೆ ತಳದಲ್ಲಿ ಹನ್ನೆರಡು ಸುತ್ತು, ಅಂಚಿನಲ್ಲಿ ಎಂಟು. ಕೊನೆಯ ದೊಡ್ಡ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತೃಪ್ತರಾಗಿ, ಪದವಿ ಪ್ರದಾನದ ಗಾಂಭೀರ್ಯದಲ್ಲಿ ಹೆಂಡತಿಗೆ ಒಪ್ಪಿಸಿದರು.

ಅವಳು ಕನ್ನಡಕ ಏರಿಸಿ, ಪಾತ್ರೆ ತಿರುವಿ ನೋಡಿ, ತಳಕ್ಕೆ ಬೆರಳಾಡಿಸಿದಳು. ತುಟಿಯಂಚು ಅಲುಗಿತು, ನಗು ತಡೆದುಕೊಂಡಳು.

"ಮೂರು."

"ಮೂರಾ? ಯಾವ ಸ್ಕೇಲಲ್ಲಿ?"

"ನನ್ನ ಸ್ಕೇಲಲ್ಲಿ. ತಳ ಇನ್ನೊಂದ್ಸಲ ಉಜ್ಜಿ. ಐದು ಬಂದ್ಮೇಲೆ ಕಾಫಿ."

ಮೇಷ್ಟ್ರು ಮತ್ತೆ ನಲ್ಲಿ ತಿರುಗಿಸಿದರು.