ಬೋಜ ಬರೆಯದ ಅಡುಗೆ ಪುಸ್ತಕ

ಬೋಜನ ಕಷ್ಟಕ್ಕೆಲ್ಲ ಕಾರಣ ಒಂದೇ ಒಂದು "ಹೂಂ". ಅದನ್ನೂ ಅವನು ಎಚ್ಚರದಲ್ಲಿ ಹೇಳಿದ್ದಲ್ಲ. ಒಂದು ಶುಕ್ರವಾರ ಮಧ್ಯಾಹ್ನ, ಬಂಗುಡೆ ಮೀನಿನ ಪುಳಿಮುಂಚಿಯಲ್ಲಿ ಭರ್ತಿ ಉಂಡು, ಏಸಿಯ ಎದುರು ಬಾಯಿ ತೆರೆದು ಮಲಗಿದ್ದಾಗ ಹೆಂಡತಿ ಹರಿಣಾಕ್ಷಿ ಬಂದು, "ಹೌದಾ, ಪುಸ್ತಕಕ್ಕೆ ನಿಮ್ಮ ಹೆಸರು ಹಾಕ್ಲಿಕ್ಕಾ?" ಎಂದು ಕೇಳಿದಳು. ಶುಕ್ರವಾರದ ನಿದ್ದೆಯಲ್ಲಿ ಗಲ್ಫಿನ ಗಂಡಸು ಯಾವುದಕ್ಕೆ ತಾನೇ ಹೂಂ ಅನ್ನುವುದಿಲ್ಲ? ಬೋಜನೂ ಅಂದ. ಅಂದು ಮಗ್ಗುಲು ಬದಲಿಸಿದ.

ಪುಸ್ತಕ ಎಂಥದ್ದೆಂದರೆ, ಹರಿಣಾಕ್ಷಿಯೂ ಪಕ್ಕದ ಫ್ಲ್ಯಾಟಿನ ಇವ್ಲಿನ್ ಬಾಯಿಯೂ ಸೇರಿ ಇಂಗ್ಲಿಷಿನಲ್ಲಿ ಬರೆದ ಮಂಗಳೂರು ಅಡುಗೆಯ ಪುಸ್ತಕ. ಅಲ್ ಖೌದ್ ಎಂಬ ಬಡಾವಣೆಯ ಆ ಕಟ್ಟಡದಲ್ಲಿ ಗಂಡಂದಿರು ಆಫೀಸಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಹೆಂಗಸರಿಗೆ ಉಳಿಯುತ್ತಿದ್ದದ್ದು ನಾಲ್ಕು ಗೋಡೆ ಮತ್ತು ಏಸಿಯ ಸದ್ದು. ಹರಿಣಾಕ್ಷಿ ಹೇಳಿದಳು, ಊರಿನಲ್ಲಿ ಟೈಪಿಸ್ಟ್ ಆಗಿದ್ದ ಇವ್ಲಿನ್ ಟೈಪ್ ಮಾಡಿದಳು. ಕೆಳಗಿನ ಅಂಗಡಿ ಸಾಲಿನ ಪ್ರೆಸ್ಸಿನಿಂದ ಅಚ್ಚಾಗಿ ಬಂದ ಹಾಳೆಗಳನ್ನು ಇಬ್ಬರೂ ನೆಲದ ಮೇಲೆ ಕೂತು ಮಡಚಿ ಪಿನ್ ಹೊಡೆದರು. ಎಲ್ಲ ಸರಿ, ಆದರೆ ಇಬ್ಬರ ವೀಸಾದ ಮೇಲೂ 'ಕೆಲಸ ಮಾಡಲು ಅನುಮತಿ ಇಲ್ಲ' ಎಂಬ ಮುದ್ರೆ ಇತ್ತು.

"ಹೆಂಗಸರ ಹೆಸರು ಬೇಡವೇ ಬೇಡ. ನಾಳೆ ಯಾರಾದ್ರೂ ಕೇಳಿದ್ರೆ ಎಲ್ಲರಿಗೂ ಊರಿನ ಟಿಕೆಟ್," ಎಂದು ಹೆದರಿಸಿದವನು ಇವ್ಲಿನ್‌ಳ ಗಂಡ ಪಿಯುಸ್.

"ಹಾಗಾದ್ರೆ ನಿಮ್ಮ ಹೆಸರು ಹಾಕುವ," ಎಂದು ಇವ್ಲಿನ್ ಅಂದದ್ದೇ ತಡ, ಪಿಯುಸನಿಗೆ ಹೊರಗೆ ಏನೋ ತುರ್ತು ಕೆಲಸ ನೆನಪಾಯಿತು. ಹೀಗಾಗಿ ಮುಖಪುಟದ ಮೇಲೆ ಬಂದದ್ದು ಬೋಜನ ಹೆಸರು. ನೀರು ಕಾಯಿಸಲು ಹೋಗಿ ಪಾತ್ರೆಯ ತಳ ಸೀಯಿಸಿದ್ದ ಬೋಜನ ಹೆಸರು!

ಪುಸ್ತಕ ಕೆಳಗಿನ ಕಿರಾಣಿ ಅಂಗಡಿ ಕೋಲ್ಡ್ ಸ್ಟೋರಿನಲ್ಲಿ ಚೂಯಿಂಗ್ ಗಮ್ಮಿನ ಡಬ್ಬಿಯ ಪಕ್ಕ ಕೂತು ಒಳ್ಳೆಯ ಖರ್ಚಾಯಿತು. ಬೋಜ ಅದನ್ನು ತೆರೆದೂ ನೋಡಲಿಲ್ಲ. ತಾನೇ ಬರೆದ ಪುಸ್ತಕವನ್ನು ಯಾರು ಓದುತ್ತಾರೆ ಹೇಳಿ.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಜನರಲ್ ಮ್ಯಾನೇಜರ್ ಮಾರ್ಸ್‌ಡನ್ ಸಾಹೇಬರು ಬೋಜನನ್ನು ಕ್ಯಾಬಿನ್ನಿಗೆ ಕರೆಸಿದರು. ಬೋಜ ಅಲ್ಲಿ ಅಕೌಂಟ್ಸ್ ಗುಮಾಸ್ತ. ಅವನ ಕಾಂಟ್ರಾಕ್ಟ್ ಅದೇ ತಿಂಗಳು ಮುಗಿಯುವುದಿತ್ತು, ಹೊಸದು ಸಾಹೇಬರ ಸಹಿಗೆ ಕಾಯುತ್ತಿತ್ತು. ಸಹಿ ಬೀಳದಿದ್ದರೆ ಬೋಜನ ವೀಸಾ ಖಲಾಸ್, ಅದರ ಹಿಂದೆಯೇ ಹೆಂಡತಿಯದ್ದು, ಮಗಳದ್ದು. ಆದ್ದರಿಂದ ಅವನು ಕುಲದೈವಗಳನ್ನೆಲ್ಲ ನೆನೆದುಕೊಂಡು ಒಳಗೆ ಹೋದ. ಸಾಹೇಬರ ಕೈಯಲ್ಲಿ ಕಾಂಟ್ರಾಕ್ಟ್ ಇರಲಿಲ್ಲ, ಅಡುಗೆ ಪುಸ್ತಕ ಇತ್ತು.

"ಇದನ್ನು ಬರೆದವರು ನೀವೇನಾ?"

ಬೋಜ ಮುಖಪುಟದ ಮೇಲಿನ ತನ್ನ ಹೆಸರನ್ನೇ ನೋಡಿದ. ಸುಳ್ಳೆಂದರೆ ಸಾಹೇಬರಿಗೆ ಆಗದು. ಹಿಂದಿನ ವರ್ಷ ಸುಳ್ಳು ಜ್ವರ ಹೇಳಿ ರಜೆ ಹಾಕಿದ್ದವನೊಬ್ಬನನ್ನು ಸೀದಾ ವಿಮಾನ ಹತ್ತಿಸಿದ್ದರು. ನಿಜ ಹೇಳೋಣವೆಂದರೆ ಹೆಂಗಸರ ವೀಸಾದ ಮುದ್ರೆ ಕಣ್ಣೆದುರು ಕುಣಿಯಿತು. ಅಷ್ಟರಲ್ಲಿ, ಯಾರೂ ಕರೆಯದಿದ್ದರೂ ಫೈಲ್ ಹಿಡಿದು ಒಳಗೆ ಬಂದಿದ್ದ, ಅದೇ ಆಫೀಸಿನ ಪಿಯುಸ್ ಬಾಯಿ ಹಾಕಿದ: "ಎಸ್ ಸಾರ್! ಹಂಡ್ರೆಡ್ ಪರ್ಸೆಂಟ್ ಇವನೇ ಸಾರ್! ಅಡುಗೆಯಲ್ಲಿ ಎತ್ತಿದ ಕೈ ಸಾರ್!"

"ಬಹಳ ಸಂತೋಷ. ನನ್ನ ಹೆಂಡತಿಗೆ ಈ ಪುಸ್ತಕದ ಹುಚ್ಚು ಹಿಡಿದಿದೆ. ಇವತ್ತು ಸಂಜೆ ಮನೆಗೆ ನಾಲ್ಕು ಜನ ಬರುತ್ತಾರೆ. ನೀವು ಬಂದು ನೀರ್ ದೋಸೆ, ಕೋಳಿ ಸಾರು ಮಾಡಬೇಕು," ಎಂದರು ಸಾಹೇಬರು. ಕೇಳಿದ್ದೋ ಅಪ್ಪಣೆಯೋ ಗೊತ್ತಾಗುವ ಹಾಗಿರಲಿಲ್ಲ.

ಹೊರಗೆ ಬಂದದ್ದೇ ಬೋಜ, ಊರಿನ ವಾಡಿಕೆಯಂತೆ ತಾನು ಪೊರ್ಬುಗಳೆಂದು ಕರೆಯುವ ಪಿಯುಸನ ಅಂಗಿ ಹಿಡಿದ. "ಎಂಥ ಕೆಲಸ ಮಾಡಿದ್ರಿ ಪೊರ್ಬುಗಳೇ! ನಂಗೆ ದೋಸೆ ತಿನ್ಲಿಕ್ಕೆ ಮಾತ್ರ ಗೊತ್ತಿರುದು!"

"ನಿನ್ನ ಮರ್ಯಾದೆ ಉಳಿಸಿದೆ ಮಾರಾಯ. ಕಾರು ನಾನೇ ಬಿಡ್ತೇನೆ, ನೀನು ಹೆದರ್ಬೇಡ," ಎಂದ ಪಿಯುಸ್. ಕಾರಿಗೂ ದೋಸೆಗೂ ಏನು ಸಂಬಂಧ ಎಂದು ಬೋಜನಿಗೆ ತಿಳಿಯಲಿಲ್ಲ. ಅವನು ಮನೆಗೆ ಫೋನ್ ತಿರುಗಿಸಿದ.

"ಹರಿಣೀ, ನಾನು ಸತ್ತೆ."

"ಬಿಡ್ತು ಅನ್ನಿ! ಎಂತ ಆಯ್ತು?"

ವಿಷಯ ಕೇಳಿದ ಹರಿಣಾಕ್ಷಿ ಬೋಜನಿಗಿಂತ ಗಟ್ಟಿ. "ಅಷ್ಟೇ ಅಲ್ವಾ? ಅಕ್ಕಿ ಈಗ್ಲೇ ನೆನೆ ಹಾಕ್ತೇನೆ. ಸಾರು ಇಲ್ಲಿಂದ್ಲೇ ಮಾಡಿ ತೆಕ್ಕೊಂಡು ಹೋಗುವ. ನೀವು ಏಪ್ರನ್ ಕಟ್ಟಿ ಕಾವಲಿ ಹತ್ರ ನಿಂತ್ರೆ ಸಾಕು, ದೋಸೆ ನಾನು ಹೊಯ್ತೇನೆ. ಯಾರಾದ್ರೂ ಬಂದ್ರೆ ಸೌಟು ನಿಮ್ಮ ಕೈಗೆ."

ಬೋಜನಿಗೆ ಜೀವ ಬಂತು. ಸಂಜೆ ಪಿಯುಸನ ಕಾರು ಸಾಹೇಬರ ಮನೆಯಿರುವ ಮದೀನತ್ ಸುಲ್ತಾನ್ ಖಾಬೂಸ್ ಕಡೆಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಹರಿಣಾಕ್ಷಿ, ಇವ್ಲಿನ್, ನಡುವೆ ಹಿಟ್ಟಿನ ಪಾತ್ರೆ. ಮುಂದೆ ಬೋಜ, ತೊಡೆಯ ಮೇಲೆ ಕೋಳಿ ಸಾರು. ಪ್ರತಿ ರೌಂಡ್ ಅಬೌಟಿನಲ್ಲಿಯೂ ಸಾರು ಅವನ ಪ್ಯಾಂಟಿನ ರುಚಿ ನೋಡಿತು.

ಮಿಸೆಸ್ ಮಾರ್ಸ್‌ಡನ್ ಬಾಗಿಲಲ್ಲೇ ಕಾದಿದ್ದರು. ಅವರು ಅಲ್ ಖೌದಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುವವರು, ಕನ್ನಡಕದ ಹಿಂದಿನ ಕಣ್ಣು ಬಹಳ ಚುರುಕು. ಬೋಜನಿಗೆ ಹೂವಿನ ಚಿತ್ತಾರದ ಏಪ್ರನ್ ಕಟ್ಟಿ, ಅಲ್ಲೇ ನಿಲ್ಲಿಸಿ ಒಂದು ಫೋಟೋ ಹೊಡೆದರು. ಆಮೇಲೆ ಹರಿಣಾಕ್ಷಿ, ಇವ್ಲಿನ್ ಇಬ್ಬರ ಕೈ ಹಿಡಿದುಕೊಂಡು, "ನೀವು ಬನ್ನಿ, ಶರಬತ್ತು ಕುಡಿಯೋಣ. ದಿನಾ ಅಡುಗೆಮನೆಯಲ್ಲೇ ಇರುವವರು, ಇವತ್ತು ಗಂಡಸರು ಕೆಲಸ ಮಾಡಲಿ," ಎಂದು ಹಾಲಿಗೆ ಎಳೆದೊಯ್ದರು. ಹರಿಣಾಕ್ಷಿ ತಿರುತಿರುಗಿ ನೋಡುತ್ತಾ ಹೋದಳು. ಅಡುಗೆಮನೆಯಲ್ಲಿ ಉಳಿದದ್ದು ಬೋಜ, ಪಿಯುಸ್, ಒಂದು ಕಾವಲಿ ಮತ್ತು ಉರಿಯೇ ಇಲ್ಲದ ಒಂದು ಕರೆಂಟಿನ ಒಲೆ.

"ಬೆಂಕಿ ಎಲ್ಲಿಂದ ಬರ್ತದೆ ಪೊರ್ಬುಗಳೇ?"

"ಎಲ್ಲಾ ತಿರುಗಿಸಿ ನೋಡುವ," ಎಂದು ಪಿಯುಸ್ ಇದ್ದ ಗುಬುಟುಗಳನ್ನೆಲ್ಲ ತಿರುಗಿಸಿದ. ಒಳಗೆಲ್ಲೋ ಗಂಟೆ ಹೊಡೆಯಿತು, ಮೇಲಿನ ಫ್ಯಾನು ಗುಡುಗಿತು.

ಹಾಲಿನಲ್ಲಿ ಹರಿಣಾಕ್ಷಿ ಶರಬತ್ತಿನ ಲೋಟ ಹಿಡಿದು ಅಡುಗೆಮನೆಯ ಕಡೆಗೇ ಕಿವಿ ಇಟ್ಟಿದ್ದಳು. ಅತಿಥಿಗಳಲ್ಲಿ ಒಬ್ಬರು, "ನೀವು ಒಂದು ಭಾರತೀಯ ಹಾಡು ಹಾಡುತ್ತೀರಾ?" ಎಂದು ಕೇಳಿದ್ದೇ ಅವಳಿಗೆ ದೇವರೇ ದಾರಿ ತೋರಿಸಿದಂತಾಯಿತು. ಅವಳು ಕಣ್ಣು ಮುಚ್ಚಿ, ಅಡುಗೆಮನೆಗೆ ಕೇಳುವಂತೆ, ಭಜನೆಯ ರಾಗ ಎತ್ತಿದಳು:

"ಕಾವಲಿ ಕಾಯಲಿ ಕೃಷ್ಣಾ... ಹೊಗೆ ಬರೋ ತನಕ ಕೃಷ್ಣಾ... ಎಣ್ಣೆಯ ಹಚ್ಚಯ್ಯ, ಹಿಟ್ಟನು ಕಲಕಯ್ಯ, ಅಡಿಯಿಂದ ಕಲಕಯ್ಯ ಕೃಷ್ಣಾ..."

ಬೋಜನ ಕಿವಿ ನೆಟ್ಟಗಾಯಿತು. ಎಣ್ಣೆ ಹಚ್ಚಿದ, ಅಡಿಯಿಂದ ಕಲಕಿದ. ಇನ್ನೇನು ಹೊಯ್ಯಬೇಕು, ಅಷ್ಟರಲ್ಲಿ ಇವ್ಲಿನ್‌ಗೆ ತಡೆಯಲಾಗಲಿಲ್ಲ. ಹೊಗೆ ಬರುವಷ್ಟು ಕಾಯಿಸುವುದು ಅವಳ ಪದ್ಧತಿಯಲ್ಲ. ಅವಳು ಇಗರ್ಜಿಯ ಹಾಡಿನ ಧಾಟಿಯಲ್ಲಿ ದನಿ ಎತ್ತಿದಳು: "ಸಣ್ಣಕೆ ಮಾಡೋ ಸ್ವಾಮೀ... ಸೀದು ಹೋದೀತು ಸ್ವಾಮೀ..."

"ದೊಡ್ಡಕೆ ಇಡೋ ಕೃಷ್ಣಾ!"

"ಸಣ್ಣಕೆ ಸಾಕೋ ಸ್ವಾಮೀ!"

ಅತಿಥಿಗಳು ಎರಡು ಧರ್ಮಗಳ ಈ ಸಾಮರಸ್ಯಕ್ಕೆ ತಲೆದೂಗಿದರು. ಒಳಗೆ ಬೋಜ ಗುಬುಟನ್ನು ಕೃಷ್ಣನಿಗೊಮ್ಮೆ, ಸ್ವಾಮಿಗೊಮ್ಮೆ ತಿರುಗಿಸಿ ತಿರುಗಿಸಿ ಬೆವೆತು ಹೋದ. ಕೊನೆಗೆ ಹೇಗೋ ಹಿಟ್ಟು ಹೊಯ್ದು ಮುಚ್ಚಿದ. ಪಿಯುಸ್ ಗಳಿಗೆಗೊಂದು ಸಲ ಮುಚ್ಚಳ ತೆಗೆದು, "ಆಯ್ತಾ ನೋಡುವ," ಅಂದ. ಜೋರಾಗಿ ಚಪ್ಪಾಳೆ ಬಿತ್ತು, ಹಾಡು ನಿಂತಿತು. ದೋಸೆ ಕಾವಲಿಗೆ ಹಿಡಿದ ಹಿಡಿತ ಸಟ್ಟುಗಕ್ಕೂ ಬಗ್ಗಲಿಲ್ಲ. ಕೆರೆದು ಕೆರೆದು ತೆಗೆದಾಗ ಕೈಗೆ ಬಂದದ್ದು ಬಿಳಿಯ ಒಂದು ಮುದ್ದೆ. ಬೋಜ ಅದನ್ನು ತಟ್ಟೆಯಲ್ಲಿಟ್ಟು ದುಃಖದಿಂದ ನೋಡುತ್ತಿದ್ದಾಗ ಬೆಳಕು ಫಳ್ಳೆಂದಿತು. ಮಿಸೆಸ್ ಮಾರ್ಸ್‌ಡನ್ ಇನ್ನೊಂದು ಫೋಟೋ ಹೊಡೆದಿದ್ದರು. ಅವರ ಹಿಂದೆ ಸಾಹೇಬರು, ಸಾಹೇಬರ ಹಿಂದೆ ಹೆಂಗಸರಿಬ್ಬರು.

ಮೇಡಂ ಮುದ್ದೆಯ ತಟ್ಟೆಯನ್ನು ಬದಿಗೆ ಸರಿಸಿ ಸಾರನ್ನು ಚಮಚದಲ್ಲಿ ತೆಗೆದು ಬಾಯಿಗಿಟ್ಟರು, ಕಣ್ಣು ಮುಚ್ಚಿದರು. "ಅದ್ಭುತ. ಇಂಥ ರುಚಿ ನಾನು ನೋಡಿಯೇ ಇಲ್ಲ. ಮಿಸ್ಟರ್ ಬೋಜ, ಇದು ನಿಮ್ಮ ಕೈಯದ್ದೇನಾ?"

"ದೋಸೆ ಹಾಳಾದದ್ದು ಒಲೆಯಿಂದ ಅಂತ ಹೇಳು, ಸಾರು ನಿಂದೇ ಅಂತ ಹೇಳು," ಎಂದು ಪಿಯುಸ್ ಕಿವಿಯಲ್ಲಿ ಉಸುರಿದ.

ಹೇಳಿಬಿಡಬಹುದಿತ್ತು. ಆದರೆ ಬೋಜ ಹೆಂಡತಿಯ ಮುಖ ನೋಡಿದ. ಬೆಳಿಗ್ಗೆಯಿಂದ ಅರೆದು, ಹುರಿದು, ಬೇಯಿಸಿದವಳು ತನ್ನ ಸಾರಿನ ಹೊಗಳಿಕೆಯನ್ನು ಬಾಗಿಲ ಮರೆಯಲ್ಲಿ ನಿಂತು, ಯಾರದ್ದೋ ವಿಷಯವೆಂಬಂತೆ ಕೇಳುತ್ತಿದ್ದಳು. ಬೋಜನಿಗೆ ನಾಚಿಕೆಯಾಯಿತು. ಕಾಂಟ್ರಾಕ್ಟ್ ಹೋದರೆ ಹೋಯಿತು ಅನಿಸಿತು.

"ಅಲ್ಲ ಮೇಡಂ. ಖಲಾಸ್, ಇನ್ನು ನನ್ನಿಂದ ಆಗುದಿಲ್ಲ. ಸಾರು ಇವಳದ್ದು. ಪುಸ್ತಕವೂ ಇವರಿಬ್ಬರದ್ದು. ನನ್ನದು ಈ ಮುದ್ದೆ ಮಾತ್ರ," ಎಂದ. ಪಿಯುಸ್ ಫ್ರಿಜ್ಜಿನ ಹಿಂದೆ ಸರಿದ.

ಮಿಸೆಸ್ ಮಾರ್ಸ್‌ಡನ್ ಪುಸ್ತಕ ಬಿಡಿಸಿ ಗಂಭೀರವಾಗಿ ಓದಿದರು: "'ಗಂಡ ಸ್ನಾನಕ್ಕೆ ಹೊಕ್ಕ ಕೂಡಲೇ ಅನ್ನಕ್ಕೆ ಇಡಿ. ಅವನು ಟವೆಲ್ ಮರೆತು ಎರಡನೇ ಸಲ ಕೂಗುವಾಗ ಉರಿ ಆರಿಸಿ. ಟವೆಲ್ ಆಮೇಲೆ ಕೊಡಿ.' ಮಿಸ್ಟರ್ ಬೋಜ, ನಿಮ್ಮ ಗಂಡ ಯಾರು?"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ತನ್ನ ಸ್ನಾನದ ಮೇಲೆ ಇಡೀ ಪುಸ್ತಕದ ಅನ್ನ ಬೇಯುತ್ತಿದೆಯೆಂದು ಬೋಜನಿಗೆ ಗೊತ್ತಾದದ್ದು ಆಗಲೇ.

"ಮೊದಲ ದಿನವೇ ನಮಗೆ ಗೊತ್ತಾಯಿತು. ಬರೆದವರನ್ನು ನೋಡಬೇಕೆಂದು ಆಸೆಯಾಯಿತು, ಅದಕ್ಕೇ ಕರೆಸಿದೆ," ಎಂದರು ಮೇಡಂ. "ನಾನು ಪಾಠ ಮಾಡುವುದೇ ಇದನ್ನು. ಮುನ್ನೂರು ವರ್ಷದ ಹಿಂದೆ ನಮ್ಮಲ್ಲಿ ಬಡವರೂ ಕೊಳ್ಳುವಂಥ ಸಣ್ಣ ಪುಸ್ತಕಗಳು ಬರುತ್ತಿದ್ದವು. ಹಾಡು, ಕತೆ, ಅಡುಗೆ, ಮನೆಮದ್ದು. ಅಚ್ಚಿನ ಮನೆಯಲ್ಲಿ ಹಾಳೆ ಮಡಚಿದವರಲ್ಲಿ, ಹೊಲಿದವರಲ್ಲಿ, ಬೀದಿಯಲ್ಲಿ ಕೂಗಿ ಮಾರಿದವರಲ್ಲಿ ಎಷ್ಟೋ ಜನ ಹೆಂಗಸರು. ಪುಸ್ತಕದ ಮೇಲೆ ಮಾತ್ರ ಗಂಡಂದಿರ ಹೆಸರು. ಹೆಂಡತಿಯ ಹೆಸರು ಹೊರಗೆ ಬರಬೇಕಾದರೆ ಹೆಚ್ಚಾಗಿ ಗಂಡ ಸಾಯಬೇಕಿತ್ತು."

ಇವ್ಲಿನ್ ಇದನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದಾಗ ಬೋಜ ಮೆಲ್ಲನೆ ಎದೆ ಮುಟ್ಟಿ ನೋಡಿಕೊಂಡ.

"ಅಯ್ಯೋ, ಹಾಗಾದ್ರೆ ನಮ್ಗೆ ಹೆಸರೇ ಬೇಡ! ಇವರದ್ದೇ ಇರ್ಲಿ!" ಎಂದಳು ಹರಿಣಾಕ್ಷಿ. ಅವಳ ಕಣ್ಣು ತುಂಬಿತ್ತು.

"ಈಗ ಸಾಯುವ ಅಗತ್ಯವಿಲ್ಲ," ಎಂದರು ಮೇಡಂ. ಮುಂದಿನ ಪುಸ್ತಕವನ್ನು ತಮ್ಮ ಲೇಡೀಸ್ ಕ್ಲಬ್ಬಿನಿಂದ, ಬೇಕಾದ ಅನುಮತಿ ತಾವೇ ಪಡೆದು, ಇವರಿಬ್ಬರ ಹೆಸರಿನಲ್ಲೇ ತರುವುದಾಗಿ ಹೇಳಿದರು. ಸಾಹೇಬರು ಜೇಬಿನಿಂದ ಲಕೋಟೆ ತೆಗೆದು ಬೋಜನ ಕೈಗಿಟ್ಟರು. ಸಹಿಯಾದ ಕಾಂಟ್ರಾಕ್ಟ್. "ನನಗೆ ನಿಜ ಹೇಳುವವನು ಬೇಕು. ದೋಸೆ ಹೊಯ್ಯುವವನಲ್ಲ," ಎಂದರು.

ಹರಿಣಾಕ್ಷಿ ಸೆರಗು ಸಿಕ್ಕಿಸಿಕೊಂಡು ಕಾವಲಿಯ ಎದುರು ನಿಂತಳು. ಕೈ ಬೀಸಿ ಹೊಯ್ದ ದೋಸೆಗಳು ತೆಳ್ಳಗೆ ಕರವಸ್ತ್ರದಂತೆ ಒಂದೊಂದೇ ಎದ್ದು ಬಂದವು. ಬೋಜ ನಿರಾಳವಾಗಿ ಕೂತು, ಅತಿಥಿಗಳೆಲ್ಲರಿಗಿಂತ ಹೆಚ್ಚು ತಿಂದ.

ಮನೆಗೆ ಬರುವಾಗ ಕಾರಿನಲ್ಲಿ ಅವನ ಕಿಸೆಯಲ್ಲಿ ಕಾಂಟ್ರಾಕ್ಟ್, ಹೊಟ್ಟೆಯಲ್ಲಿ ಕೋಳಿ, ಮನಸ್ಸಿನಲ್ಲಿ ಒಂದು ಹಗುರ. ಇನ್ನು ಯಾವ ಪುಸ್ತಕದ ಮೇಲೂ ತನ್ನ ಹೆಸರಿಲ್ಲ! ಕಣ್ಣು ಕೂಡಿ ಬಂತು. ಹಿಂದಿನಿಂದ ಹರಿಣಾಕ್ಷಿ ಏನೋ ಹೇಳುತ್ತಿದ್ದಳು.

"ಹೌದಾ, ಹೊಸ ಪುಸ್ತಕದ ಅಡುಗೆ ಎಲ್ಲ ಮೊದ್ಲು ನೀವು ಮಾಡಿ ನೋಡ್ಬೇಕಂತೆ. ನಿಮ್ಗೆ ಬಂದ್ರೆ ಮಾತ್ರ ಅಚ್ಚಿಗೆ. ಪುಸ್ತಕದ ಹೆಸರೂ ಮೇಡಮ್ಮೇ ಹೇಳಿದ್ದಾರೆ, ಅದನ್ನೇ ಇಡ್ಲಿಕ್ಕಾ?"

"ಹೂಂ," ಎಂದ ಬೋಜ.

ಪುಸ್ತಕ ಬಂತು. ಕೋಲ್ಡ್ ಸ್ಟೋರಿನವನು ಅದನ್ನು ಬಾಗಿಲಿನ ಗಾಜಿಗೇ ಅಂಟಿಸಿದ. ಕೆಳಗೆ ಅಂದವಾದ ಸಣ್ಣಕ್ಷರದಲ್ಲಿ ಹರಿಣಾಕ್ಷಿ, ಇವ್ಲಿನ್. ನಡುವೆ ಹೂವಿನ ಏಪ್ರನ್ ಕಟ್ಟಿಕೊಂಡು ಬಿಳಿ ಮುದ್ದೆಯನ್ನು ದುಃಖದಿಂದ ನೋಡುತ್ತಿರುವ ಗಂಡಸಿನ ಬಣ್ಣದ ಫೋಟೋ. ಮೇಲೆ, ರಸ್ತೆಯ ಆಚೆಗೂ ಕಾಣುವಷ್ಟು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಪುಸ್ತಕದ ಹೆಸರು: 'ಬೋಜನಿಗೂ ಬರುವ ಅಡುಗೆ'.

ಬೋಜ ಏದುಸಿರು ಬಿಡುತ್ತಾ ಮನೆಗೆ ಓಡಿ ಬಂದ. "ಎಂತ ಇದು ಹರಿಣೀ? ನನ್ನನ್ನೊಂದು ಮಾತು ಕೇಳ್ಲಿಕ್ಕೆ ಇಲ್ವಾ?"

"ಕೇಳಿಯೇ ಇಟ್ಟದ್ದು ಮಾರಾಯ್ರೆ. ನೀವೇ ಹೂಂ ಅಂದ್ರಿ," ಎಂದಳು ಹರಿಣಾಕ್ಷಿ, ಟೈಪ್‌ರೈಟರಿಗೆ ಇವ್ಲಿನ್‌ಗಾಗಿ ಹೊಸ ಹಾಳೆ ಸಿಕ್ಕಿಸುತ್ತಾ. "ಎರಡನೇ ಭಾಗ ಬೇಕಂತೆ ಅವರಿಗೆ. ನಿಲ್ಬೇಡಿ, ಏಪ್ರನ್ ಕಟ್ಟಿಕೊಳ್ಳಿ. ಕಾವಲಿ ಕಾದು ಹೊಗೆ ಬರ್ತಾ ಉಂಟು."