ನಮ್ಮ ಕ್ರಾಸಿಗೆ ನಾನೆಳೆದ ಕೆಂಪು ಗೆರೆ

ಹೊಸಕೆರೆಹಳ್ಳಿಯ ನಮ್ಮ ಕ್ರಾಸಿಗೆ ಒಬ್ಬ ಮಹಾನ್ ಛಾಯಾಗ್ರಾಹಕಿಯ ಕೊರತೆ ಇತ್ತು. ಅದನ್ನು ತುಂಬುವ ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ!

ನಮ್ಮ ಕಾಲೇಜಿನಲ್ಲಿ ಒಂದು ಫೋಟೋ ಪ್ರದರ್ಶನ ಏರ್ಪಾಡಾಗಿತ್ತು. ವಿಷಯ: 'ಕಷ್ಟಕ್ಕೆ ಜಗ್ಗದ ನೆರೆಹೊರೆ, ಯುವಜನರ ಕಣ್ಣಲ್ಲಿ.' ನೋಟಿಸ್ ಓದಿದ ಕೂಡಲೇ ನನಗೆ ಹೋದ ಮಳೆಗಾಲ ನೆನಪಾಯಿತು. ರಾಜಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ, ಇಡೀ ಕ್ರಾಸು ಎದುರುಮನೆ ರಂಗಪ್ಪ ಅಂಕಲ್ ಅವರ ಮಹಡಿಯ ಮೇಲೆ ಒಟ್ಟಿಗೆ ಕುಳಿತು ಚಿತ್ರಾನ್ನ ತಿಂದಿತ್ತು. ಇದಕ್ಕಿಂತ ಒಳ್ಳೆಯ ಫೋಟೋ ಬೇಕೆ? ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಪ್ರತಿ ಮನೆಯ ಕಾಂಪೌಂಡಿಗೂ ಒಂದು ಗೆರೆ ಎಳೆಯುವುದು, ಮನೆಯವರನ್ನು ಅದರ ಪಕ್ಕ ನಗುತ್ತಾ ನಿಲ್ಲಿಸಿ ಫೋಟೋ ತೆಗೆಯುವುದು. ಐಡಿಯಾ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬೆಳಿಗ್ಗೆ ಬೀದಿ ಏಳುವ ಮೊದಲೇ, ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟು ಹಿಡಿದು ಹೊರಟೆ. ಎಲ್ಲರಿಗೂ ಸರ್ಪ್ರೈಸ್ ಕೊಡೋಣ ಅಂತ! ಗೋಡೆ ಗೋಡೆಗೂ ಒಂದು ಗೆರೆ, ಪಕ್ಕದಲ್ಲಿ ಅಂದಕ್ಕೊಂದು ಬಾಣದ ಗುರುತು. ನಮ್ಮ ಮನೆಗೆ ಮಾತ್ರ ಎಳೆಯಲಿಲ್ಲ. ಅಮ್ಮ ಗೌರಿ ಹಬ್ಬಕ್ಕೆಂದು ಆಗಷ್ಟೇ ಸುಣ್ಣಬಣ್ಣ ಮಾಡಿಸಿದ್ದಳು. ಕಲೆ ದೊಡ್ಡದು, ನಿಜ. ಅಮ್ಮನ ಕೈಯ ಸೌಟು ಅದಕ್ಕಿಂತ ದೊಡ್ಡದು.

ಸಂಜೆ ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡು ಕಾಲೇಜಿನಿಂದ ಬಂದರೆ ಬೀದಿಯಲ್ಲಿ ಜನವೋ ಜನ! ನನ್ನನ್ನು ಹೊಗಳಲು ಸೇರಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ, ರಂಗಪ್ಪ ಅಂಕಲ್ ಅವರ ಹೆಂಡತಿ ಪದ್ಮಾ ಆಂಟಿ ತಮ್ಮ ಗೇಟು ಹಿಡಿದುಕೊಂಡು ಅಳುತ್ತಿದ್ದರು.

"ಏನಾಯ್ತು ಆಂಟಿ?"

"ಇನ್ನೇನಾಗ್ಬೇಕು ಚೈತ್ರಾ! ಒತ್ತುವರಿ ಅಂತ ಮನೆಮನೆಗೂ ಮಾರ್ಕಿಂಗ್ ಮಾಡ್ಕೊಂಡ್ ಹೋಗಿದ್ದಾರೆ ಕಣೇ. ಕಳ್ಳರ ಥರ, ಯಾರೂ ಏಳೋಕ್ ಮುಂಚೆ ಬಂದು! ನಾಳೆ ಜೆಸಿಬಿ ಬರುತ್ತಂತೆ!"

ರಾಜಕಾಲುವೆ ಪಕ್ಕದ ಮನೆ ಕೆಡವುವ ಮುಂಚೆ ಸರ್ವೆಯವರು ಗೋಡೆಗೆ ಎಳೆಯುವುದೂ ಇಂಥದ್ದೇ ಕೆಂಪು ಗೆರೆ, ಇಂಥದ್ದೇ ಬಾಣ ಎಂಬುದು ನನಗೆ ಆಗ ಹೊಳೆಯಿತು. ಯಾವಾಗ? ಪೇಂಟು ಒಣಗಿ ಕಲ್ಲಾದ ಮೇಲೆ!

"ಆ ಬಳಿದೋನು ಒಂದ್ಸಲ ಸಿಗ್ಲಿ, ಕೈ ಮುರಿದು ಕೈಗೆ ಕೊಡ್ತೀನಿ!" ಎಂದು ರಂಗಪ್ಪ ಅಂಕಲ್ ಗುಡುಗಿದರು. ಅವರದು ಈ ಊರಿನ ಹಳೇ ಒಕ್ಕಲು, ಗುದ್ದಲಿ ಹಿಡಿದು ಬೆಳೆದ ತೋಳು. ನಾನು ನನ್ನ ಎರಡೂ ಕೈಗಳನ್ನು ಮೆಲ್ಲಗೆ ದುಪಟ್ಟಾದೊಳಗೆ ಸೇರಿಸಿಕೊಂಡೆ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಂದದ್ದು ಬಿಕ್ಕಳಿಕೆ!

ಅಷ್ಟರಲ್ಲಿ ಯಾರೋ ಕೂಗಿದರು: "ಎಲ್ಲರ ಮನೆಗೂ ಹಾಕಿದ್ದಾರೆ, ಮೂರ್ತಿಗಳ ಮನೆಗ್ ಮಾತ್ರ ಯಾಕಿಲ್ಲ?"

ಮೂರ್ತಿಗಳೆಂದರೆ ನಮ್ಮಪ್ಪ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಲ್ಲಿಗೆ ಬಂದವರಿಂದ ಒಂದು ಲೋಟ ಕಾಫಿ ಕುಡಿಯಲೂ ಹೆದರುವ ಪ್ರಾಣಿ.

"ಏನ್ ಮೂರ್ತಿಗಳೇ, ಒಳಗೊಳಗೇ ಸೆಟ್ಲ್ ಮಾಡ್ಕೊಂಡ್ರಾ? ನಮಗೊಂದ್ ಮಾತು ಹೇಳ್ಬಾರದಿತ್ತಾ?" ಎಂದರು ರಂಗಪ್ಪ ಅಂಕಲ್. ಆ ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು.

ಅಪ್ಪ ಬಿಳಿಚಿಕೊಂಡರು. "ರಾಮ ರಾಮಾ! ನನ್ನ ಮಗಳಾಣೆಗೂ ನಂಗೇನೂ ಗೊತ್ತಿಲ್ಲ ರಂಗಪ್ಪನೋರೇ!"

ಆಣೆ ಇಡಲು ಅವರಿಗೆ ನಾನೇ ಸಿಗಬೇಕೆ! ಯಾರೂ ನಂಬಲಿಲ್ಲ. ಒಬ್ಬೊಬ್ಬರಾಗಿ ಮುಖ ತಿರುಗಿಸಿಕೊಂಡು ರಂಗಪ್ಪ ಅಂಕಲ್ ಮನೆಯೊಳಗೆ ಮೀಟಿಂಗಿಗೆ ಹೋದರು. ಅಪ್ಪನನ್ನು ಕರೆಯಲಿಲ್ಲ. ಅವರು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತು, "ಇಷ್ಟು ವರ್ಷದ ಮರ್ಯಾದೆ ಹೋಯ್ತಲ್ಲೇ," ಎಂದು ಅಮ್ಮನಿಗೆ ಹೇಳಿದರು. ನನಗೆ ಅಳುವೇ ಬಂತು. ಹೇಳಿದರೆ ನನ್ನ ಕೈ ಹೋಗುತ್ತದೆ, ಹೇಳದಿದ್ದರೆ ಅಪ್ಪನ ಮಾನ ಹೋಗುತ್ತದೆ. ಧೈರ್ಯವಂತರಾದರೆ ಹೋಗಿ ತಪ್ಪೊಪ್ಪಿಕೊಳ್ಳುತ್ತಿದ್ದರು. ನಾನು ಹೋಗಿ ಪೇಂಟಿನ ಡಬ್ಬಿ ತಂದೆ. ನಮ್ಮ ಗೋಡೆಗೂ ಒಂದು ಗೆರೆ ಬಿದ್ದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲವಲ್ಲ! ಒಂದು ಕಣ್ಣನ್ನು ರಂಗಪ್ಪ ಅಂಕಲ್ ಮನೆ ಬಾಗಿಲ ಮೇಲಿಟ್ಟು ಎಳೆದದ್ದಕ್ಕೆ ಗೆರೆ ಹಾವಿನ ಹಾಗೆ ಹರಿಯಿತು.

ಅದು ಕಣ್ಣಿಗೆ ಬಿದ್ದಾಗ ಅಪ್ಪನ ಆನಂದ ನೋಡಬೇಕಿತ್ತು. "ರಂಗಪ್ಪನೋರೇ, ಬನ್ನಿ ಬನ್ನಿ! ನಮ್ಮನೆಗೂ ಹಾಕಿದ್ದಾರೆ! ನಮ್ಮನೇನೂ ಒಡೀತಾರೆ!" ಸ್ವಂತ ಮನೆ ಬೀಳುತ್ತದೆಂದು ಇಷ್ಟು ಸಂಭ್ರಮಪಟ್ಟವರು ಇಡೀ ಬನಶಂಕರಿಯಲ್ಲೇ ಇರಲಾರರು. ಮೀಟಿಂಗು ಬಿಟ್ಟು ಎಲ್ಲರೂ ಓಡಿಬಂದರು. ಅಪ್ಪ ಗೆರೆಯ ಮೇಲೆ ಅಂಗೈ ಇಟ್ಟು ತೋರಿಸಿದರು.

ಅಂಗೈ ಕೆಂಪಾಯಿತು!

"ಇದು ಹಸಿ ಇದೆ," ಎಂದರು ರಂಗಪ್ಪ ಅಂಕಲ್. "ನೀವೇ ಬಳಿದ್ರಾ ಮೂರ್ತಿಗಳೇ?"

ಅಪ್ಪ ತಮ್ಮ ಕೆಂಪು ಕೈ ನೋಡಿಕೊಂಡು ನಿಂತರು. ಕಣ್ಣಲ್ಲಿ ನೀರಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ.

"ಅಪ್ಪ ಅಲ್ಲ ಅಂಕಲ್, ನಾನು! ಎಲ್ಲಾ ನಾನೇ! ಮಳೆ ನೀರು ಎಲ್ಲೀವರ್ಗೂ ಬಂದಿತ್ತು ಅಂತ... ಫೋಟೋಗೆ... ದಯವಿಟ್ಟು ಕೈ ಮುರೀಬೇಡಿ!" ಎಂದು ಕಿರುಚಿ, ಕಣ್ಣು ಮುಚ್ಚಿ, ಕ್ಯಾಮೆರಾವನ್ನೇ ಮುಖಕ್ಕೆ ಅಡ್ಡ ಹಿಡಿದೆ. ಹೆದರಿಕೆಗೆ ಬೆರಳು ಬಟನ್ನಿನ ಮೇಲೆ ಸೆಟೆದುಕೊಂಡಿತು. ಕ್ಯಾಮೆರಾ ಟಕಟಕನೆ ತನ್ನ ಪಾಡಿಗೆ ತಾನು ಫೋಟೋ ತೆಗೆಯುತ್ತಲೇ ಇತ್ತು.

ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಪದ್ಮಾ ಆಂಟಿ ಅಳುತ್ತಲೇ ನಗುತ್ತಿದ್ದರು. ರಂಗಪ್ಪ ಅಂಕಲ್ ಅಪ್ಪನ ಕೆಂಪು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ತಪ್ಪಾಯ್ತು ಸ್ವಾಮಿ, ನಿಮ್ಮನ್ನ ಅನುಮಾನ ಪಟ್ಟೆ," ಎನ್ನುತ್ತಿದ್ದರು. ನನಗೆ ಕೈ ಮುರಿಯುವ ಶಿಕ್ಷೆ ರದ್ದಾಗಿ, ಅದೇ ಕೈಯಿಂದ ಎಲ್ಲರ ಗೋಡೆ ಉಜ್ಜುವ ಶಿಕ್ಷೆ ಜಾರಿಯಾಯಿತು. ಮೇಲ್ವಿಚಾರಣೆ ಅಮ್ಮನದು, ಸೌಟಿನ ಸಮೇತ.

ಪ್ರದರ್ಶನಕ್ಕೆ ಹೋದದ್ದು ನಾನು ಕಣ್ಣು ಮುಚ್ಚಿ ತೆಗೆದ ಆ ಕೊನೆಯ ಫೋಟೋ: ಹಿಡಿದುಕೊಂಡ ಕೆಂಪು ಕೈಗಳು, ಹಿಂದೆ ಅಳುವವರು, ನಗುವವರು. ನೋಡಲು ಇಡೀ ಕ್ರಾಸೇ ಬಂದಿತ್ತು. ತೀರ್ಪುಗಾರರಾಗಿದ್ದ ಮೇಡಂ ಬಹಳ ಹೊತ್ತು ಫೋಟೋದ ಮುಂದೆ ನಿಂತು, ಗದ್ಗದಿತರಾಗಿ ಕೇಳಿದರು: "ಇಷ್ಟು ಒಗ್ಗಟ್ಟಾಗಿ ಎದುರಿಸಿದ್ದೀರಲ್ಲ, ಯಾವ ವಿಪತ್ತು ಬಂದಿತ್ತು ನಿಮ್ಮ ಏರಿಯಾಗೆ? ಪ್ರವಾಹನಾ?"

ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ, ಅಪ್ಪನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ ರಂಗಪ್ಪ ಅಂಕಲ್ ನನ್ನತ್ತ ಬೆರಳು ತೋರಿಸಿದರು.

"ನೀರು ಬಂದು ಹೋಯ್ತು ಮೇಡಂ. ಇವಳಿನ್ನೂ ಇಲ್ಲೇ ಇದ್ದಾಳೆ!"